ಅಪ್ಪ ಮೆನು ಓದೋದು ಬಲಗಡೆಯಿಂದ: ಹಿರಿಯರನ್ನ ಫೈನ್ ಡೈನಿಂಗ್‌ಗೆ ಕರ್ಕೊಂಡು ಹೋಗೋದು ಹೇಗೆ?

ಬಸವನಗುಡಿ_ಬಾಲು

ಎಲ್ರಿಗೂ ನಮಸ್ಕಾರ. ಜೂನ್ ಎರಡನೇ ವಾರ ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತೆ. ಬೆಂಗಳೂರಲ್ಲೇ ಒಂದು ಒಳ್ಳೇ ಮೇಲ್ದರ್ಜೆ ಇಂಡಿಯನ್ ರೆಸ್ಟೋರೆಂಟ್‌ಗೆ ಕರ್ಕೊಂಡು ಹೋಗ್ಬೇಕು ಅಂತ ನನಗೂ ತಮ್ಮನಿಗೂ ಆಸೆ. ರೆಸ್ಟೋರೆಂಟ್ ಬೇಕಾದಷ್ಟಿವೆ, ತಲೆನೋವಾಗಿರೋದು ಅಪ್ಪ.

ನಮ್ಮಪ್ಪ ಮೆನು ಓದೋದು ಬಲಗಡೆಯಿಂದ. ಮೊದಲು ರೇಟು, ಆಮೇಲೆ ಐಟಂ. ತಮ್ಮನಿಗೆ ಕೆಲಸ ಸಿಕ್ಕಾಗ ಇಂಥದ್ದೇ ಒಂದು ಕಡೆ ಹೋಗಿದ್ವಿ, ಹೆಸರು ಬೇಡ. ಪಾಲಕ್ ಪನೀರ್ ₹795 ಅಂತ ಕಣ್ಣಿಗೆ ಬಿದ್ದಿದ್ದೇ ತಡ, "ನನಗೆ ಅಷ್ಟು ಹಸಿವಿಲ್ಲಪ್ಪ, ಮೊಸರನ್ನ ಇದ್ಯಾ ಕೇಳು" ಅಂದ್ರು. ಇತ್ತು, ₹475. ಅದನ್ನೂ ಅಮ್ಮನ ಜೊತೆ ಹಂಚಿಕೊಂಡ್ರು. ನೀರು ಸ್ಟಿಲ್ಲಾ ಸ್ಪಾರ್ಕ್ಲಿಂಗಾ ಅಂತ ವೇಟರ್ ಕೇಳಿದ್ದಕ್ಕೆ ಸುಮ್ನೆ ತಲೆ ಆಡಿಸಿದ್ರು. ₹395ರ ಬಾಟ್ಲಿ ಎರಡು ಬಂದು ಕೂತ್ವು. ಬಿಲ್ಲು ಹೀಗಿತ್ತು: ಊಟ ₹8,400, ಸರ್ವೀಸ್ ಚಾರ್ಜ್ 10% ₹840, ಎರಡರ ಮೇಲೂ ಜಿಎಸ್‌ಟಿ ₹462, ಒಟ್ಟು ₹9,702. ಅಪ್ಪ ಆ ಚರ್ಮದ ಫೋಲ್ಡರ್ ತೆರೆದು ಓದಿ, ಅಚ್ಚುಕಟ್ಟಾಗಿ ಮುಚ್ಚಿಟ್ರು. ಆವತ್ತಿಂದ "ಹೊರಗೆ ಊಟ" ಅಂದ್ರೆ "ನಿಮ್ಮಮ್ಮನ ಕೈ ಏನಾಗಿದೆ?" ಅಂತಾರೆ.

ಕೇಳೋದಿಷ್ಟು. ಇಂಥ ಕಡೆ ಕೊಡೋ ದುಡ್ಡಿಗೆ ನಿಜವಾಗ್ಲೂ ಬೆಲೆ ಇದ್ಯಾ? ಹಿರಿಯರು ಮುಜುಗರ ಇಲ್ದೆ ಕೂತು ತಿನ್ನೋ ಜಾಗ ಯಾವ್ದು? ಅಪ್ಪ ಅಮ್ಮ ಸಸ್ಯಾಹಾರಿಗಳು, ತಮ್ಮನಿಗೆ ಮೀನು ಬೇಕೇ ಬೇಕು. ಆಮೇಲೆ ಆ ಸರ್ವೀಸ್ ಚಾರ್ಜ್ ಕೊಡ್ಲೇಬೇಕಾ?

ತುಂಗಾ_ದಡ

ನಿಮ್ಮಪ್ಪ, ನಮ್ಮಪ್ಪ ಒಂದೇ ಬ್ಯಾಚು ಅನ್ಸುತ್ತೆ. ನಮ್ಮೋರು ಮೆನು ಮುಚ್ಚಿ ಕನ್ನಡಕ ತೆಗೆದು ಜೇಬಿಗೆ ಹಾಕ್ಕೊಂಡ್ರು ಅಂದ್ರೆ ಮುಗೀತು.

ಲೆಕ್ಕದ_ಮಾಮ

ಕೊನೇ ಪ್ರಶ್ನೆಗೆ ಮೊದಲು ಉತ್ತರ. ಕೊಡಬೇಕಾಗಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿತು. ಬಿಲ್ಲಿಗೆ ತಾನಾಗೇ ಸರ್ವೀಸ್ ಚಾರ್ಜ್ ಸೇರಿಸೋ ಹಾಗಿಲ್ಲ, ಬೇರೆ ಹೆಸರಿಟ್ಟು ವಸೂಲಿ ಮಾಡೋ ಹಾಗೂ ಇಲ್ಲ, ಕೊಡಲ್ಲ ಅಂದೋರಿಗೆ ಒಳಗೆ ಬಿಡಲ್ಲ ಅನ್ನೋ ಹಾಗೂ ಇಲ್ಲ. ರೆಸ್ಟೋರೆಂಟ್ ಸಂಘಗಳು ದೆಹಲಿ ಹೈಕೋರ್ಟ್‌ಗೆ ಹೋಗಿ ಅದೇ ತಿಂಗಳು ತಡೆ ತಂದವು. 2025ರ ಮಾರ್ಚ್ 28ಕ್ಕೆ ಕೋರ್ಟು ಅವರ ಅರ್ಜಿ ವಜಾ ಮಾಡಿ, ತಲಾ ₹1 ಲಕ್ಷ ದಂಡವನ್ನೂ ಹಾಕ್ತು. ಆಮೇಲೆ ಮೇಲ್ಮನವಿ ಹಾಕಿದ್ದಾರೆ, ಅದು ಬೇರೆ ವಿಷಯ.

ನಿಮ್ಮ ಬಿಲ್ಲಲ್ಲಿ ಇನ್ನೊಂದು ಗಮನಿಸಿ. ಜಿಎಸ್‌ಟಿ ಹಾಕಿರೋದು ₹9,240ರ ಮೇಲೆ, ಅಂದ್ರೆ ಸರ್ವೀಸ್ ಚಾರ್ಜ್‌ಗೂ ತೆರಿಗೆ ಕಟ್ಟಿದ್ದೀರಿ. ಅದನ್ನ ತೆಗೆಸಿದ್ರೆ ₹8,820 ಆಗ್ತಿತ್ತು. ಉಳಿತಾಯ ₹882. "ತೆಗೀರಿ" ಅಂತ ಮೆತ್ತಗೆ ಹೇಳಿ, ಹೆಚ್ಚಿನ ಕಡೆ ಮಾತಿಲ್ದೆ ತೆಗೀತಾರೆ. ತಕರಾರು ತೆಗೆದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಕಡ್ಲೆಪುರಿ

@ಲೆಕ್ಕದ_ಮಾಮ ನಾನು ಹೋದ ಕಡೆ 18% ಹಾಕಿದ್ರು. ಅದು ಮೋಸ ತಾನೇ?

ಲೆಕ್ಕದ_ಮಾಮ

ಮೋಸ ಅಂತ ಹೇಳಕ್ಕಾಗಲ್ಲ. ರಸ್ತೆ ಮೇಲಿರೋ ರೆಸ್ಟೋರೆಂಟ್, ಎಸಿ ಇರಲಿ ಬಿಡಲಿ, 2017ರ ನವೆಂಬರ್ 15ರಿಂದ 5%. ಆದ್ರೆ ದಿನಕ್ಕೆ ₹7,500 ದಾಟಿದ ಬಾಡಿಗೆಯ ರೂಮು ಇರೋ ಹೋಟೆಲ್ ಒಳಗಿನ ರೆಸ್ಟೋರೆಂಟ್‌ಗೆ 18%. ನೀವು ಅಲ್ಲಿ ರೂಮು ಮಾಡಿರ್ಬೇಕು ಅಂತೇನಿಲ್ಲ, ಬರೀ ಕಾಫಿ ಕುಡಿದ್ರೂ 18. ಹಾಗಾಗಿ ಫೈವ್ ಸ್ಟಾರ್ ಒಳಗಿನ ಊಟಕ್ಕೆ ಮನಸ್ಸಲ್ಲೇ ಹೆಚ್ಚುಕಮ್ಮಿ ಐದನೇ ಒಂದು ಭಾಗ ಜಾಸ್ತಿ ಇಟ್ಕೊಂಡು ಹೋಗಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದಕ್ಕೆ ರಾಜ್ಯದ ತೆರಿಗೆ.

ಹುಬ್ಬಳ್ಳಿ_ಮಂದಿ

ಅಲ್ರೀ ಬಾಲು ಅವರ, ಪಾಲಕ್ ಪನೀರಕ್ಕ 795 ಅಂದ್ರ ಬಂಗಾರದ ತಗಡಿನ್ಯಾಗ ಸುತ್ತಿ ಕೊಟ್ಟಿದ್ರೇನು? ನಮ್ಮ ಕಡೆ ಖಾನಾವಳಿಗೆ ಬರ್ರಿ. ಬಿಸಿ ಜ್ವಾಳದ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಡಿಸಾವ್ರು "ಇನ್ನೊಂದು ಹಾಕಿಸ್ಕೊಳ್ರಿ" ಅಂತ ಗಂಟು ಬೀಳ್ತಾರ. ನಿಮ್ಮ ದೊಡ್ಡ ಹೋಟೆಲ್ನ್ಯಾಗ ಹಂಗ ಯಾರರ ಅಂತಾರೇನು? ಅಪ್ಪಾರು ಹೇಳಿದ್ದು ಖರೇ ಐತಿ.

ರುಚಿ_ಬೇಟೆ

ಬಂತು ನೋಡಿ, ಪ್ರತಿ ಚರ್ಚೆಯಲ್ಲೂ ಇದೇ. ಖಾನಾವಳಿ ಊಟ ಚೆನ್ನಾಗಿರುತ್ತೆ ಸ್ವಾಮಿ, ಯಾರು ಇಲ್ಲ ಅಂದ್ರು? ಅದಕ್ಕೂ ಇದಕ್ಕೂ ಹೋಲಿಕೆ ಯಾಕೆ? ಒಳ್ಳೇ ಇಂಡಿಯನ್ ರೆಸ್ಟೋರೆಂಟ್‌ಗೆ ಹೋಗಬೇಕಾದ್ದು ಮನೇಲಿ ಮಾಡಕ್ಕೆ ಆಗದೇ ಇರೋದನ್ನ ತಿನ್ನೋದಕ್ಕೆ. ಪಾಲಕ್ ಪನೀರ್ ಆರ್ಡರ್ ಮಾಡಿದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ.

ದೆಹಲಿಯ ಐಟಿಸಿ ಮೌರ್ಯ ಹೋಟೆಲಿನ ಬುಖಾರಾ ರೆಸ್ಟೋರೆಂಟ್ ತಗೊಳ್ಳಿ. ಅವರ ದಾಲ್‌ಗೆ ಹಾಕೋದು ಇಡೀ ಉದ್ದಿನಕಾಳು, ಟೊಮೆಟೊ, ಬೆಣ್ಣೆ, ಕೆನೆ. ಇಷ್ಟೇ ಅನ್ನಬಹುದು. ಆದ್ರೆ ರಾತ್ರಿಯಿಡೀ ತಂದೂರಿನ ಕೆಂಡದ ಶಾಖದಲ್ಲಿ ಅದು ಬೇಯ್ತಾನೇ ಇರುತ್ತೆ. ಕಾಳಿನ ಸಿಪ್ಪೆ ಒಡೆದು, ಒಳಗಿನ ಗಂಜಿ ಹೊರಗೆ ಬಂದು, ಬೆಣ್ಣೆ ಬೇರೆ ಬೇಳೆ ಬೇರೆ ಅಂತ ಕಾಣದ ಹಾಗೆ ಒಂದಾಗಿರುತ್ತೆ. ನಿಮ್ಮನೆ ಕುಕ್ಕರ್‌ನಲ್ಲಿ ಹತ್ತು ವಿಶಲ್ ಹೊಡೆಸಿದ್ರೂ ಆ ಹದ ಬರಲ್ಲ. ಲಖನೌ ಕಡೆಯ ಕಾಕೋರಿ ಕಬಾಬ್ ಕೂಡ ಹಾಗೇ. ಮಾಂಸಾನ ಅಷ್ಟು ನುಣ್ಣಗೆ ಮಾಡಿ, ಬೀಳದ ಹಾಗೆ ಕಂಬಿಗೆ ಹಚ್ಚೋಕೆ ಕೈ ಪಳಗಿರ್ಬೇಕು. ಆ ಅಡುಗೆಯನ್ನೂ ದಮ್ ಕಟ್ಟೋ ವಿದ್ಯೆಯನ್ನೂ ದೊಡ್ಡ ಹೋಟೆಲಿಗೆ ತಂದ ಇಮ್ತಿಯಾಜ್ ಖುರೇಷಿಗೆ 2016ರಲ್ಲಿ ಪದ್ಮಶ್ರೀನೇ ಬಂತು. ಅಡುಗೆಯವರಿಗೆ ಪದ್ಮಶ್ರೀ ಅಂದ್ರೆ ಸುಮ್ನೇನಾ?

ಹುಬ್ಬಳ್ಳಿ_ಮಂದಿ

ಉದ್ದಿನಬ್ಯಾಳಿ ರಾತ್ರಿಯೆಲ್ಲಾ ಕುದಿಸಿದ್ರ ಗ್ಯಾಸ್ ಬಿಲ್ ನಾವ್ಯಾಕ ಕಟ್ಟೂಣು 😄

ತುಂಗಾ_ದಡ

ಬುಖಾರಾದಲ್ಲಿ ಕೈಯಲ್ಲೇ ತಿನ್ಬೇಕಂತೆ ಅಲ್ವಾ? ಚಮಚ ಫೋರ್ಕು ಇಡೋದೇ ಇಲ್ಲ, ಕೊರಳಿಗೆ ಏಪ್ರನ್ ಕಟ್ತಾರೆ. ಅಮೆರಿಕದ ಬಿಲ್ ಕ್ಲಿಂಟನ್ ಕೂಡ ಅಲ್ಲಿ ಊಟ ಮಾಡಿದ್ದಾರೆ. ನಮ್ಮಪ್ಪನಿಗೆ ಇದನ್ನ ಹೇಳಿದ ಮೇಲೆ ಫೋರ್ಕಿನ ಭಯ ಅರ್ಧ ಹೋಯ್ತು.

ಒಲೆ_ಮುಂದೆ

ನಾನು ದೊಡ್ಡ ಹೋಟೆಲೊಂದರ ಅಡುಗೆಮನೇಲಿ ಕೆಲಸ ಮಾಡೋನು. ಬೈಯೋ ಮುಂಚೆ ಈ ಕಡೆಯ ಲೆಕ್ಕಾನೂ ಸ್ವಲ್ಪ ಕೇಳಿ.

₹795ರ ಪಾಲಕ್ ಪನೀರ್‌ನಲ್ಲಿ ಪಾಲಕ್ಕೂ ಪನೀರೂ ಸೇರಿ ಸಾಮಾನಿನ ಖರ್ಚು ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಇರುತ್ತೆ, ಒಪ್ಕೋತೀನಿ. ಉಳಿದಿದ್ದೆಲ್ಲ ಮಾಲೀಕನ ಜೇಬಿಗೆ ಹೋಗಲ್ಲ. ಬಾಡಿಗೆ, ಸಂಬಳ, ಕರೆಂಟು, ಗ್ಯಾಸು, ಮೇಜಿನ ಬಟ್ಟೆ ಒಗೆಸೋದು, ಒಡೆದ ಗಾಜು. ದರ್ಶಿನಿಯಲ್ಲಿ ಗಿರಾಕಿ ನಿಂತು ತಿಂದು ಹತ್ತು ನಿಮಿಷಕ್ಕೆ ಜಾಗ ಬಿಡ್ತಾನೆ. ನಮ್ಮಲ್ಲಿ ಒಂದು ಟೇಬಲ್ ಹಿಡಿದ್ರೆ ಎರಡು ಎರಡೂವರೆ ಗಂಟೆ ಏಳಲ್ಲ, ಏಳಿ ಅನ್ನೋ ಹಾಗೂ ಇಲ್ಲ. ಸೋಮವಾರ ಮಂಗಳವಾರ ಅರ್ಧ ಹಾಲ್ ಖಾಲಿ, ತಂದೂರ್ ಮಾತ್ರ ಉರೀತಾನೇ ಇರ್ಬೇಕು. ಯಾರೋ ಒಬ್ರು ಬಂದು ರೋಟಿ ಕೇಳಿದಾಗ ಆಮೇಲೆ ಹೊತ್ತಿಸ್ತೀನಿ ಅನ್ನಕ್ಕಾಗುತ್ತಾ?

ಸರ್ವೀಸ್ ಚಾರ್ಜ್ ವಿಷಯ. ನಾನು ಮುಂಚೆ ಇದ್ದ ಕಡೆ ಅದು ಪಾಯಿಂಟ್ ಲೆಕ್ಕದಲ್ಲಿ ಎಲ್ರಿಗೂ ಹಂಚಿಕೆ ಆಗ್ತಿತ್ತು, ಪಾತ್ರೆ ತೊಳೆಯೋರಿಗೂ. ನೀವು ವೇಟರ್ ಕೈಗೆ ಕೊಡೋ ಟಿಪ್ಸ್ ಒಳಗಿರೋ ನಮಗೆ ಬರಲ್ಲ. ಇನ್ನೊಂದು ಕಡೆ ಸರ್ವೀಸ್ ಚಾರ್ಜ್ ಅಂತ ತಗೊಂಡಿದ್ದು ಯಾರ ಕೈಗೂ ಬರ್ಲಿಲ್ಲ, ಎಲ್ಲಿಗೆ ಹೋಯ್ತು ಅಂತ ಕೇಳೋ ಧೈರ್ಯ ನಮಗಿರ್ಲಿಲ್ಲ. ತೆಗೆಸೋದು ನಿಮ್ಮ ಹಕ್ಕು, ತೆಗೆಸಿ. ತೆಗೆಸಿದ ಮೇಲೆ ಸರ್ವೀಸ್ ಇಷ್ಟ ಆಗಿದ್ರೆ ನಗದು ಇಟ್ಟು, "ಕಿಚನ್‌ಗೂ ಸೇರಿ" ಅಂತ ಒಂದು ಮಾತು ಹೇಳಿ.

ಕಡ್ಲೆಪುರಿ

ಸಂಬಳ ಕೊಡ್ಬೇಕಾದ್ದು ಮಾಲೀಕ. ಅದನ್ನ ಗಿರಾಕಿ ತಲೆಗೆ ಯಾಕೆ ಕಟ್ತೀರಾ? ಪಾಲಕ್ ಪನೀರ್ ರೇಟ್ 875 ಅಂತ ಬರೀಲಿ, ಬೇಕಾದೋರು ತಿಂತಾರೆ. 795 ಅಂತ ತೋರಿಸಿ ಕೊನೇಲಿ ಏರಿಸೋದು ಯಾವ ನ್ಯಾಯ?

ಒಲೆ_ಮುಂದೆ

ನಿಮ್ಮ ಮಾತು ಸರಿ. ಕೋರ್ಟೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದು, ಖರ್ಚು ಇದ್ರೆ ಐಟಂ ರೇಟಲ್ಲೇ ಹಾಕ್ಕೊಳ್ಳಿ ಅಂತ. ಹಾಕಕ್ಕೆ ಮಾಲೀಕರಿಗೆ ಧೈರ್ಯ ಇಲ್ಲ, ಯಾಕಂದ್ರೆ ಬಾಲು ಅವರ ತಂದೆ ಥರ ಬಲಗಡೆ ಓದೋರೇ ಜಾಸ್ತಿ.

ಸರಸ್ವತಿಪುರಂ_ಸುಮ

ಬಾಲು, ದುಡ್ಡಿನ ನ್ಯಾಯ ಅವರವರೇ ಬಗೆಹರಿಸಿಕೊಳ್ಳಲಿ. ನಿಮ್ಮ ಅಸಲು ಸಮಸ್ಯೆಗೆ ದಾರಿ ಇದೆ. ಅಪ್ಪನ ಕೈಗೆ ಮೆನು ಹೋಗಬಾರದು, ಅಷ್ಟೇ.

ಮುಂಚೆ ಫೋನ್ ಮಾಡಿ ಮ್ಯಾನೇಜರ್ ಹತ್ರ ಮಾತಾಡಿ. ಹಿರಿಯರ ವಿವಾಹ ವಾರ್ಷಿಕೋತ್ಸವ, ಇಷ್ಟು ಜನ, ಇಷ್ಟು ಬಜೆಟ್, ಸೆಟ್ ಮೆನು ಮಾಡಿಕೊಡಿ ಅಂತ. ಒಳ್ಳೇ ಕಡೆ ಖುಷಿಯಿಂದ ಮಾಡ್ತಾರೆ. ಕೆಲವು ಹೋಟೆಲ್‌ಗಳಲ್ಲಿ ಬೆಲೆ ಇಲ್ಲದ ಮೆನು ಕಾರ್ಡೇ ಇರುತ್ತೆ. ಕರೆದವರಿಗೆ ಮಾತ್ರ ಬೆಲೆ ಇರೋದು, ಅತಿಥಿಗಳಿಗೆ ಬರೀ ಹೆಸರಿರೋದು. ಕೇಳಿದ್ರೆ ಕೊಡ್ತಾರೆ. ಕಾರ್ಡ್ ಡೀಟೇಲ್ಸ್ ಮುಂಚೆ ಕೊಡಿ, ಇಲ್ಲಾ ಕೈ ತೊಳೆಯೋ ನೆಪದಲ್ಲಿ ಎದ್ದು ಹೋಗಿ ಕೌಂಟರ್ ಹತ್ರ ಬಿಲ್ ಮುಗಿಸಿ. ಟೇಬಲ್‌ಗೆ ಆ ಫೋಲ್ಡರ್ ಬರೋದೇ ಬೇಡ.

ಆಮೇಲೆ ರಾತ್ರಿ ಊಟ ಇಟ್ಕೋಬೇಡಿ. ಈ ರೆಸ್ಟೋರೆಂಟ್‌ಗಳು ಬಾಗಿಲು ತೆರೆಯೋದೇ ಏಳು ಏಳೂವರೆಗೆ, ಮೇನ್ ಕೋರ್ಸ್ ಟೇಬಲ್‌ಗೆ ಬರೋ ಹೊತ್ತಿಗೆ ನಮ್ಮನೆ ಹಿರಿಯರು ಮಾತ್ರೆ ನುಂಗಿ ಮಲಗೋ ಹೊತ್ತು. ಶುಗರ್ ಇರೋರಿಗಂತೂ ಕಾಯೋದು ಆಗಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ಜನ ಕಮ್ಮಿ, ಬೆಳಕು ಚೆನ್ನಾಗಿರುತ್ತೆ. ರಾತ್ರಿ ಆ ಮಂದ ಬೆಳಕಲ್ಲಿ ತಟ್ಟೇಲಿ ಮೆಣಸಿನಕಾಯಿ ಯಾವ್ದು ಬೀನ್ಸ್ ಯಾವ್ದು ಅಂತಾನೇ ಗೊತ್ತಾಗಲ್ಲ.

ತುಂಗಾ_ದಡ

ಮಂದ ಬೆಳಕಿನ ಮಾತು ನಿಜ. ಎಲ್ರೂ ಫೋನಿನ ಟಾರ್ಚ್ ಹಾಕ್ಕೊಂಡು ಮೆನು ಓದ್ತಿರ್ತಾರೆ.

ಕುಂದಾಪ್ರ_ಕಾಣೆ

ಬಾಲು ಅವರೇ, ತಮ್ಮನಿಗೆ ಮೀನು, ತಂದೆ ತಾಯಿಗೆ ಸಸ್ಯಾಹಾರ ಅಂತ ಆದ್ರೆ ಯೋಚನೆ ಎಂತಕ್ಕೆ ಮಾರಾಯ್ರೆ? ರೆಸಿಡೆನ್ಸಿ ರಸ್ತೆಯ ಕರಾವಳಿ ರೆಸ್ಟೋರೆಂಟಿಗೆ ಹೋಗಿ. ತಾಜ್ ಗುಂಪಿನದ್ದು, 1990ರಿಂದ ಉಂಟು. ಊರಿನ ಹಳೇ ಮನೆಯ ಹಾಗೆ ಹೆಂಚಿನ ಮಾಡು, ಹೊರಗೆ ಅಂಗಳದಲ್ಲಿಯೂ ಕೂತುಕೊಳ್ಬಹುದು. ಶೆಫ್ ನರೇನ್ ತಿಮ್ಮಯ್ಯ ಅಂತ, ಕೊಡಗಿನವರು, ಆ ಅಡುಗೆಮನೆಗೆ ಹೆಸರು ತಂದದ್ದೇ ಅವರು. ಶುರುವಿನಲ್ಲಿ ಅಲ್ಲಿಯ ಅಡುಗೆಯವರು ಕರಾವಳಿಯ ಮನೆ ಮನೆಗೆ ಹೋಗಿ, ಹೆಂಗಸರ ಹತ್ತಿರ ಕೂತು ಕಲಿತು ಬಂದದ್ದು.

ನನ್ನ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮೊದಲಿಗೆ "ನೀರುದೋಸೆಗೆ ಇಷ್ಟು ದುಡ್ಡಾ" ಅಂತ ಅವರದ್ದೂ ಅದೇ ರಾಗ. ಮತ್ತೆ ಒಂದೊಂದೇ ದೋಸೆ ಕಾವಲಿಯಿಂದ ನೇರ ತಟ್ಟೆಗೆ, ಆವಿ ಏಳ್ತಾ ಬರ್ಲಿಕ್ಕೆ ಶುರುವಾಯ್ತು. ಮನೆಯಲ್ಲಿ ನಮಗೆಲ್ಲ ಹೊಯ್ದು ಹಾಕಿ, ಅವರು ತಿನ್ನುವುದು ಯಾವಾಗಲೂ ಕೊನೆಯ ದೋಸೆ, ತಣಿದು ರಟ್ಟಾದದ್ದು. ಅಲ್ಲಿ ಮೊದಲ ದೋಸೆ ಅವರಿಗೇ ಬಡಿಸಿದ್ರು. ಮತ್ತೆ ರೇಟಿನ ಸುದ್ದಿಯೇ ಇಲ್ಲ. ಕಾಯಿ ನುಣ್ಣಗೆ ರುಬ್ಬಿದ್ದು ಹೇಗೆ ಅಂತ ಬಡಿಸುವವನ ಹತ್ತಿರ ವಿಚಾರಣೆ ಶುರು ಮಾಡಿದ್ರು.

ಸರಸ್ವತಿಪುರಂ_ಸುಮ

ಇದು ಇದು! ಅಪ್ಪಂದಿರ ರೇಟಿನ ಕತೆ ಮಧ್ಯೆ ಅಮ್ಮನ ಕತೆ ಯಾರೂ ಕೇಳಲ್ಲ. ಬಾಲು, ನಿಮ್ಮಮ್ಮ ಏನಂತಾರೆ? ಅವರಿಗೆ ಏನಿಷ್ಟ ಅಂತ ನೀವು ಬರೆದೇ ಇಲ್ಲ.

ಬಸವನಗುಡಿ_ಬಾಲು

@ಸುಮ ಮೇಡಂ, ಕೇಳ್ದೆ. "ಎಲ್ಲಾದ್ರೂ ಸರಿ, ಪಾತ್ರೆ ನಾನು ತೊಳೆಯಂಗಿಲ್ದಿದ್ರೆ ಸಾಕು" ಅಂದ್ರು. ಆಮೇಲೆ ಮೆಲ್ಲಗೆ, "ಆ ಹೋಟೆಲಲ್ಲಿ ಕೊನೇಲಿ ಬಿಸಿನೀರು ನಿಂಬೆಹಣ್ಣು ಹಾಕಿ ತಂದಿಟ್ಟಿದ್ರಲ್ಲ, ಅದು ಚೆನ್ನಾಗಿತ್ತು" ಅಂತ.

ಗಾಂಧಿಬಜಾರ್_ಗುಂಡ

ಫಿಂಗರ್ ಬೌಲ್‌ಗೆ ಮಾರುಹೋದ ಅಮ್ಮನಿಗೆ ನನ್ನ ಜೈ.

ಒಂದು ಮಾತು ಮಾತ್ರ ಯಾರೂ ಹೇಳ್ತಿಲ್ಲ. ಅಚ್ಚುಕಟ್ಟು, ಶುಚಿ, ಮರ್ಯಾದೆ ಇವೆಲ್ಲ ಫೈವ್ ಸ್ಟಾರ್ ಹೋಟೆಲ್‌ಗಳು ನಮಗೆ ಕಲಿಸಿದ್ದೇನಲ್ಲ. ಎಂಟಿಆರ್ 1924ರಲ್ಲಿ ಶುರುವಾದದ್ದು. ಅದನ್ನ ನಡೆಸ್ತಿದ್ದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದು, ಅಲ್ಲಿಯ ಹೋಟೆಲ್ ಶಿಸ್ತನ್ನ ಲಾಲ್‌ಬಾಗ್ ರಸ್ತೆಗೆ ತಂದ್ರು. ಗಿರಾಕಿಗಳು ಅಡುಗೆಮನೆ ಹಾದು, ನೋಡಿಕೊಂಡೇ ಊಟಕ್ಕೆ ಹೋಗೋ ಏರ್ಪಾಡು. ಬೆಳ್ಳಿ ಲೋಟದಲ್ಲಿ ಕಾಫಿ. ಈಗ "ಓಪನ್ ಕಿಚನ್" ಅಂತ ಗಾಜು ಹಾಕಿ ಎರಡು ಸಾವಿರ ಕೀಳ್ತಾರಲ್ಲ, ಅದನ್ನ ದೋಸೆ ರೇಟಿಗೆ ಕೊಟ್ಟ ಊರು ಇದು.

ರುಚಿ_ಬೇಟೆ

ಗುಂಡಣ್ಣ, ಅದೇ ಎಂಟಿಆರ್ ತುರ್ತು ಪರಿಸ್ಥಿತೀಲಿ ಸರ್ಕಾರ ಕಟ್ಟಿದ ಬೆಲೆಗೆ ಊಟ ಹಾಕಕ್ಕಾಗದೆ ಒದ್ದಾಡಿದ್ದನ್ನೂ ಹೇಳಿ. ಗುಣಮಟ್ಟ ಇಳಿಸಲ್ಲ ಅಂತ ಹಟ ಹಿಡಿದ್ರು, ನಷ್ಟ ಆಯ್ತು, ಕೊನೆಗೆ ಇನ್‌ಸ್ಟಂಟ್ ಪೊಟ್ಟಣದ ವ್ಯಾಪಾರಕ್ಕೆ ಇಳಿದ್ರು. ಒಳ್ಳೇ ಅಡುಗೆ ಅಗ್ಗಕ್ಕೇ ಸಿಗಬೇಕು ಅನ್ನೋ ಹಟದ ಇನ್ನೊಂದು ಮುಖ ಅದು.

ನನ್ನ ತಕರಾರೇ ಇದು. ಬಟರ್ ಚಿಕನ್‌ಗೆ ₹900 ಕೊಡೋ ಬೆಂಗಳೂರಿನವರು ಅವರೇಕಾಳು ಹುಳಿಗೆ ₹300 ಅಂದ್ರೆ ದರೋಡೆ ಅಂತಾರೆ. ತಂದೂರಿ ಅಡುಗೆ ಹೋಟೆಲಲ್ಲೇ ಬೆಳೆದದ್ದು, ಮನೇಲಿ ಮಾಡಿದ ಲೆಕ್ಕ ಯಾರಿಗೂ ಗೊತ್ತಿಲ್ಲ, ಹಾಗಾಗಿ ಕೇಳಿದಷ್ಟು ಕೊಡ್ತೀವಿ. ನಮ್ಮ ಹುಳಿ ಸಾರು ಅಮ್ಮ ಪುಕ್ಕಟೆ ಮಾಡಿ ಹಾಕಿದ್ದಾಳೆ, ಅದಕ್ಕೆ ರೇಟು ಕಟ್ಟೋಕೆ ಮನಸ್ಸು ಬರಲ್ಲ. ಅವರೇಕಾಯಿ ಸುಲಿದು, ನೆನೆಸಿ, ಒಂದೊಂದೇ ಹಿತುಕಿ ಸಿಪ್ಪೆ ತೆಗೆಯೋ ಕೆಲಸ ಪನೀರ್ ಹೆಚ್ಚೋದಕ್ಕಿಂತ ಎಷ್ಟು ಪಟ್ಟು ಜಾಸ್ತಿ, ಲೆಕ್ಕ ಹಾಕಿ. ಉಡುಪಿಯವರು ದೇಶ ತುಂಬ ಹೋಟೆಲ್ ಮಾಡಿ ನಮ್ಮ ತಿಂಡಿಗೆ ಹೆಸರು ತಂದ್ರು, ಜೊತೆಗೆ "ದಕ್ಷಿಣದ ಊಟ ಅಂದ್ರೆ ಅಗ್ಗ, ಬೇಗ" ಅನ್ನೋ ಹಣೆಪಟ್ಟಿಯೂ ಅಂಟಿಕೊಂಡಿತು.

ಒಲೆ_ಮುಂದೆ

ಹಿತುಕಿದ ಅವರೇಬೇಳೆ ನಮ್ಮ ಕಿಚನ್‌ಗೆ ಬರುತ್ತೆ ಅಂದ್ರೆ ಟ್ರೈನಿಗಳು ಮೆಡಿಕಲ್ ಲೀವ್ ಹಾಕ್ತಾರೆ.

ಹುಬ್ಬಳ್ಳಿ_ಮಂದಿ

ಈ ಮಾತು ಒಪ್ಪಿದೆ ರೀ ಬೇಟೆ ಅವರ. ಜ್ವಾಳದ ರೊಟ್ಟಿ ಬಡಿಯೂ ಹೆಣ್ಮಕ್ಕಳ ಕೈ ನೋಡಿದ್ರ ರೊಟ್ಟಿಗೆ 200 ಕೊಟ್ರೂ ಕಡಿಮಿನ. ಆದ್ರ ಆ 200 ಆಕಿ ಕೈಗೆ ಹೋಗಬೇಕಲ್ಲ, ಝಗಮಗ ದೀಪಕ್ಕ ಯಾಕ ಹೋಗಬೇಕು? ಮತ್ತ ಆ ಟೇಸ್ಟಿಂಗ್ ಮೆನು ಅಂತಾರಲ್ಲ, ದೊಡ್ಡ ತಟ್ಟಿ ನಡುವ ಒಂದ ಒಂದು ಗೋಲಿ ಇಟ್ಟು "ಇದು ದಹಿಪುರಿ" ಅಂತಾರ. ಬಾಯಾಗ ಇಟ್ರ ಟಪ್ ಅಂತ ಒಡದು ಮುಗದ ಹೋತು. ಮನಿಗೆ ಬಂದು ಅವಲಕ್ಕಿ ತಿಂದೆ.

ರುಚಿ_ಬೇಟೆ

ಆ ಗೋಲಿ ಹಿಂದೆ ಕೆಲಸ ಇದೆ. ಮೊಸರಲ್ಲಿ ಕ್ಯಾಲ್ಸಿಯಂ ಇರೋದ್ರಿಂದ ಅದನ್ನ ಸೋಡಿಯಂ ಆಲ್ಜಿನೇಟ್ ಕರಗಿಸಿದ ನೀರಿಗೆ ಚಮಚದಿಂದ ಮೆಲ್ಲಗೆ ಜಾರಿಸಿದ್ರೆ ಹೊರಗೆ ತೆಳ್ಳನೆ ಪೊರೆ ಕಟ್ಟುತ್ತೆ, ಒಳಗೆ ಮೊಸರು ಮೊಸರಾಗೇ ಇರುತ್ತೆ. ಸ್ಪೇನ್‌ನ ಎಲ್ ಬುಲ್ಲಿ ಅನ್ನೋ ರೆಸ್ಟೋರೆಂಟಿನ ಕೈಚಳಕ. ಅಲ್ಲಿ ಕಲಿತು ಬಂದ ಕೋಲ್ಕತಾದ ಗಗನ್ ಆನಂದ್ ಬ್ಯಾಂಕಾಕ್‌ನಲ್ಲಿ ಇದನ್ನ ಮಾಡಿ ಹೆಸರಾದ್ರು. ಅವರ ರೆಸ್ಟೋರೆಂಟ್ 2015ರಿಂದ 2018ರವರೆಗೆ ಸತತ ಏಷ್ಯಾದ ನಂಬರ್ ಒನ್.

ಆದ್ರೆ ಅವಲಕ್ಕಿ ಮಾತು ಸರಿ. ಈಗ ಅದನ್ನ ಎಲ್ಲರೂ ನಕಲು ಹೊಡೆದು ಹಳಸಲು ಮಾಡಿದ್ದಾರೆ. ಹೊಗೆ ತುಂಬಿದ ಗಾಜಿನ ಬುರುಡೆ ಎತ್ತೋದು, ಡ್ರೈ ಐಸ್ ಹಾಕೋದು, ಪುಟಾಣಿ ಸ್ಕೂಟರ್ ಮೇಲೆ ವಡಾಪಾವ್ ಇಡೋದು. ಇಂಥ ಕಡೆ ಹಿರಿಯರನ್ನ ಕರ್ಕೊಂಡು ಹೋಗಲೇಬೇಡಿ ಬಾಲು. ಎಂಟ್ಹತ್ತು ಕೋರ್ಸು, ಪ್ರತಿಯೊಂದಕ್ಕೂ ಹುಡುಗ ನಿಂತು ಎರಡು ನಿಮಿಷ ವಿವರಣೆ ಕೊಡ್ತಾನೆ. ಅನ್ನ ಯಾವಾಗ ಬರುತ್ತೆ ಅಂತ ಕಾದು ನಿಮ್ಮಪ್ಪ ನಿದ್ದೆ ಹೋಗ್ತಾರೆ.

ಕಡ್ಲೆಪುರಿ

ನಮ್ಮ ಆಫೀಸ್ ಹತ್ರ "ಮಿಶೆಲಿನ್ ಸ್ಟಾರ್ ಅನುಭವ" ಅಂತ ಬೋರ್ಡ್ ಹಾಕಿದ್ದಾರೆ. ಅದು ಹೇಗಿರಬಹುದು?

ರುಚಿ_ಬೇಟೆ

ನಂಬಬೇಡಿ. ಮಿಶೆಲಿನ್ ಅನ್ನೋದು ಒಳ್ಳೇ ರೆಸ್ಟೋರೆಂಟ್‌ಗಳಿಗೆ ಸ್ಟಾರ್ ಕೊಡೋ ಗೈಡ್, ಅದು ಭಾರತದ ಯಾವ ಊರಿಗೂ ಇನ್ನೂ ಬಂದಿಲ್ಲ. ಇಲ್ಲಿಯ ಯಾವ ರೆಸ್ಟೋರೆಂಟ್‌ಗೂ ಸ್ಟಾರ್ ಇಲ್ಲ. ಭಾರತೀಯ ಅಡುಗೆಗೆ ಸ್ಟಾರ್ ಸಿಕ್ಕಿರೋದೆಲ್ಲ ಹೊರದೇಶದಲ್ಲಿ. 2001ರಲ್ಲಿ ಲಂಡನ್‌ನಲ್ಲಿ ವಿನೀತ್ ಭಾಟಿಯಾ, ಅತುಲ್ ಕೊಚ್ಚರ್ ಇಬ್ಬರಿಗೆ ಬಂದದ್ದೇ ಮೊದಲು. 2025ರಲ್ಲಿ ದುಬೈನ ಟ್ರೆಸಿಂಡ್ ಸ್ಟುಡಿಯೋಗೆ ಮೂರು ಸ್ಟಾರ್, ಇಂಡಿಯನ್ ರೆಸ್ಟೋರೆಂಟ್ ಒಂದಕ್ಕೆ ಮೂರು ಸಿಕ್ಕಿದ್ದು ಅದೇ ಮೊದಲು. ನ್ಯೂಯಾರ್ಕಿನ ಸೆಮ್ಮಾ ಅಂತ ತಮಿಳು ಅಡುಗೆಯ ರೆಸ್ಟೋರೆಂಟ್‌ಗೂ ಒಂದು ಸ್ಟಾರ್ ಇದೆ. ಅಲ್ಲಿ ಜನ ಮಸಾಲೆದೋಸೆಗೆ ವಾರಗಟ್ಟಲೆ ಮುಂಚೆ ಬುಕ್ ಮಾಡಿ ಕಾಯ್ತಾರೆ.

ಗಾಂಧಿಬಜಾರ್_ಗುಂಡ

ದೋಸೆಗೆ ಬುಕಿಂಗ್! ನಮ್ಮ ವಿದ್ಯಾರ್ಥಿ ಭವನದ ಮುಂದೆ ಫುಟ್‌ಪಾತಲ್ಲಿ ನಿಲ್ಲೋ ನಾವೇ ಪುಣ್ಯವಂತರು. ಅಂದಹಾಗೆ ಅಲ್ಲಿ ಒಂದೇ ಕೈಯಲ್ಲಿ ದೋಸೆ ತಟ್ಟೆಗಳ ಗೋಪುರ ಹೊತ್ತು ಬರ್ತಾರಲ್ಲ, ಅದಕ್ಕೆ ಯಾವ ಸ್ಟಾರ್ ಕೊಡ್ತೀರಿ?

ತುಂಗಾ_ದಡ

ವಿದ್ಯಾರ್ಥಿ ಭವನದ ದೋಸೆ ಈಗ ಎಣ್ಣೆ ಜಾಸ್ತಿ.

ಗಾಂಧಿಬಜಾರ್_ಗುಂಡ

ಏನಂದ್ರಿ? ಎಣ್ಣೆಯಲ್ಲ ಸ್ವಾಮಿ ತುಪ್ಪ. ಶಿವಮೊಗ್ಗದಲ್ಲಿ ಕೂತು ಗಾಂಧಿಬಜಾರಿನ ದೋಸೆಗೆ ತೀರ್ಪು ಕೊಡಬೇಡಿ.

ನಿರ್ವಾಹಕ

ದೋಸೆ ಜಗಳಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಬಾಲು ಅವರಿಗೆ ಉತ್ತರ ಕೊಡಿ.

ಲೆಕ್ಕದ_ಮಾಮ

ನೀರಿನ ಬಾಟ್ಲಿ ವಿಷಯ ಬಿಟ್ಟೋಗಿತ್ತು. ಎಂಆರ್‌ಪಿಗಿಂತ ಜಾಸ್ತಿ ತಗೊಂಡ್ರು ಅಂತ ದೂರು ಕೊಡೋಕೆ ಹೋಗಬೇಡಿ. ಹೋಟೆಲು ರೆಸ್ಟೋರೆಂಟುಗಳು ಬರೀ ಬಾಟ್ಲಿ ಮಾರೋ ಅಂಗಡಿಗಳಲ್ಲ, ಕೂರಿಸಿ ಸೇವೆ ಕೊಡ್ತಾರೆ, ಹಾಗಾಗಿ ಎಂಆರ್‌ಪಿ ಮೇಲೆ ತಗೋಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಕೂತ ತಕ್ಷಣ "ರೆಗ್ಯುಲರ್ ವಾಟರ್ ಕೊಡಿ" ಅಂತ ಗಟ್ಟಿಯಾಗಿ ಹೇಳಿ. ನಾಚಿಕೆ ಏನೂ ಬೇಡ. ಅವರೂ ದಿನಾ ಕೇಳಿಸ್ಕೊಳ್ಳೋ ಮಾತೇ.

ಸರಸ್ವತಿಪುರಂ_ಸುಮ

ಕರಾವಳಿ ಬೇಡ ಅನ್ಸಿದ್ರೆ ಐಟಿಸಿ ವಿಂಡ್ಸರ್‌ನ ದಕ್ಷಿಣ್ ನೋಡಿ. ದಕ್ಷಿಣದ ರಾಜ್ಯಗಳ ಅಡುಗೆ, ಸಸ್ಯಾಹಾರಿಗಳಿಗೆ ಆಯ್ಕೆ ಚೆನ್ನಾಗಿದೆ, ಹಿರಿಯರಿಗೆ ಗುರುತು ಸಿಗೋ ಊಟ. ಎರಡೂ ಹೋಟೆಲ್ ಒಳಗಿನವು, ಹಾಗಾಗಿ ಮಾಮ ಹೇಳಿದ 18% ಲೆಕ್ಕ ಹಾಕ್ಕೊಂಡೇ ಬಜೆಟ್ ಹೇಳಿ. ಬುಕ್ ಮಾಡುವಾಗ ಮೆಟ್ಟಿಲು ಎಷ್ಟಿದೆ, ಕುರ್ಚಿಗೆ ಬೆನ್ನು ಕೈ ಇದ್ಯಾ ಅಂತಾನೂ ಕೇಳಿ. ನಮ್ಮತ್ತೆನ ಒಂದು ಕಡೆ ತಗ್ಗು ಸೋಫಾದಲ್ಲಿ ಕೂರಿಸಿ, ಏಳಿಸೋಕೆ ಇಬ್ಬರು ಬೇಕಾಯ್ತು.

ಬಸವನಗುಡಿ_ಬಾಲು

ಎಲ್ರಿಗೂ ಥ್ಯಾಂಕ್ಸ್. ಸುಮ ಮೇಡಂ ಹೇಳಿದ ಹಾಗೆ ಕರಾವಳಿ ಊಟದ ಒಂದು ಕಡೆ ಫೋನ್ ಮಾಡಿ ಮಾತಾಡ್ದೆ. ಭಾನುವಾರ ಮಧ್ಯಾಹ್ನ, ಸೆಟ್ ಮೆನು. ತೆರಿಗೆ ಸೇರಿ ತಲೆಗೆ ಎಷ್ಟು ಅಂತ ಮುಂಚೆನೇ ಹೇಳಿದ್ರು, ಸರ್ವೀಸ್ ಚಾರ್ಜ್ ಇಲ್ಲ ಅಂತಾನೂ ಬಾಯಿಬಿಟ್ಟು ಹೇಳಿದ್ರು. ಅಪ್ಪ ಅಮ್ಮನಿಗೆ ಪತ್ರೊಡೆ, ಅನಾನಸ್ ಮೆಣಸ್ಕಾಯಿ, ಅಪ್ಪಂ, ನೀರುದೋಸೆ. ಮಾಂಸದಡುಗೆಗೆ ಬೇರೆ ಪಾತ್ರೆ ಬೇರೆ ಸೌಟು ಅಂತ ಕೇಳದೇ ತಾವೇ ಹೇಳಿದ್ರು, ಅಪ್ಪನಿಗೆ ಅದು ಮುಖ್ಯ. ಅಪ್ಪನಿಗೆ ಕ್ರೆಡಿಟ್ ಕಾರ್ಡ್ ಪಾಯಿಂಟ್ಸಲ್ಲಿ ಬಂದ ವೋಚರ್ ಅಂತ ಹೇಳೋಣ ಅಂತಿದ್ದಾನೆ ತಮ್ಮ.

ತುಂಗಾ_ದಡ

ವೋಚರ್ ಕತೆ ಹೇಳಬೇಡಿ. "ಎಕ್ಸ್‌ಪೈರಿ ಯಾವಾಗ, ದೀಪಾವಳಿಗೆ ಇಟ್ಕೋಬಹುದಾ" ಅಂತಾರೆ. ಅನುಭವದ ಮಾತು.

ಲೆಕ್ಕದ_ಮಾಮ

ವಾಪಸ್ ಕೊಡಲ್ಲ ಅಂದ್ರು, ಅಡ್ವಾನ್ಸ್ ಕಟ್ಟಿಬಿಟ್ಟಿದ್ದೀವಿ ಅನ್ನಿ. ಕಟ್ಟಿದ ದುಡ್ಡು ಮುಳುಗಿಸೋಕೆ ಆ ತಲೆಮಾರಿನ ಯಾರೂ ಒಪ್ಪಲ್ಲ. ಹೊಸ ಅಂಗಿ ಹಾಕ್ಕೊಂಡು ನಿಮಗಿಂತ ಮುಂಚೆ ಗೇಟ್ ಹತ್ರ ನಿಂತಿರ್ತಾರೆ.

ಬಸವನಗುಡಿ_ಬಾಲು

ಮಾಮಾ, ಇದು ಕೆಲಸ ಮಾಡುತ್ತೆ! ಅಡ್ವಾನ್ಸ್ ನಿಜವಾಗ್ಲೂ ಕಟ್ಟಿದ್ದೀನಿ, ಸುಳ್ಳೂ ಆಗಲ್ಲ. ಉಳಿದಿರೋದು ತಮ್ಮನ ಮೀನು. ಬಾಳೆಲೆಯಲ್ಲಿ ಸುಟ್ಟಿದ್ದು ಬೇಕಾ, ಕಾಣೆ ರವಾ ಫ್ರೈ ಬೇಕಾ ಅಂತ ಈಗಲೇ ಹೇಳ್ಬೇಕಂತೆ.

ಕುಂದಾಪ್ರ_ಕಾಣೆ

ಜೂನ್ ಅಂದ್ರಲ್ಲ? ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮರಿ ಮಾಡುವ ಕಾಲ. ನಾಡದೋಣಿಯವರು ತರುವುದು ಸ್ವಲ್ಪ, ಅದು ಊರಲ್ಲಿಯೇ ಖರ್ಚಾಗ್ತದೆ. ಬೆಂಗಳೂರಿಗೆ ಆ ಎರಡು ತಿಂಗಳು ಬರುವುದು ಹೆಚ್ಚಿನದ್ದು ಬೇರೆ ಕಡೆಯದ್ದು, ಇಲ್ಲಾಂದ್ರೆ ಐಸಿನಲ್ಲಿ ಇಟ್ಟದ್ದು. ಆ ದಿನ ಯಾವ ಮೀನು ತಾಜಾ ಬಂದದ್ದು ಅಂತ ಬೆಳಿಗ್ಗೆ ಫೋನ್ ಮಾಡಿ ಕೇಳಿ, ಒಳ್ಳೇ ಕಡೆ ಸತ್ಯ ಹೇಳ್ತಾರೆ. ಕಾಣೆಯೇ ಬೇಕು ಅಂತ ಹಟ ಮಾಡುದು ಬೇಡ.

ಹುಬ್ಬಳ್ಳಿ_ಮಂದಿ

ತಮ್ಮಗ ಕೋಳಿ ತಿನ್ನಾಕ ಹೇಳ್ರಿ, ಅದಕ್ಕ ನಿಷೇಧ ಇಲ್ಲ.

ಕುಂದಾಪ್ರ_ಕಾಣೆ

ಅದೂ ಸರಿ. ಕೋರಿ ಗಸಿ, ಅಂದ್ರೆ ಕೋಳಿ ಸಾರು ಹೇಳಿ, ಜೊತೆಗೆ ಗರಿಗರಿ ಅಕ್ಕಿ ರೊಟ್ಟಿ ಬೇರೆ ತಟ್ಟೆಯಲ್ಲಿ ತರಲಿಕ್ಕೆ ಹೇಳಿ. ಮೊದಲೇ ಗಸಿಯಲ್ಲಿ ಹಾಕಿ ತಂದ್ರೆ ಟೇಬಲ್ಲಿಗೆ ಬರುವಷ್ಟರಲ್ಲಿ ಮೆತ್ತಗಾಗ್ತದೆ.